ಖಾಲಿಯಾಗುವ ಟ್ಯಾಂಕಿನ ಸದ್ದು

ನನ್ನನ್ನು ಮೊಂಡಿ ಎಂದು ಕರೆಯುವವರು ಇನ್ನೂ ಇದ್ದಾರೆ. ಕರೆಯಲಿ ಬಿಡಿ. ಎಂಬತ್ತರ ದಶಕದ ಶುರುವಿನಲ್ಲಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹೊಸ ನೀರಿನ ಟ್ಯಾಂಕಿನ ಕೆಳಗೆ ನಿಂತು, ಒಂದು ಹಾಳೆಗೆ ಸಹಿ ಹಾಕುವುದಿಲ್ಲ ಎಂದೆ. ಅಂದಿನಿಂದ ಅಂಟಿಕೊಂಡ ಹೆಸರು ಅದು. ಯಾಕೆ ಹಾಕಲಿಲ್ಲ ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅಲ್ಲಿ ಇಲ್ಲದಿದ್ದವರೂ ಹೇಳುತ್ತಾರೆ! ಇದ್ದವಳು ನಾನು, ಆದ್ದರಿಂದ ನಾನೇ ಹೇಳುತ್ತೇನೆ.

ಆಗ ನಾನು ಪಟ್ಟಣದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಸಿಮೆಂಟು ಕಾಂಕ್ರೀಟು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಸಹಾಯಕಿ. ಡಿಪ್ಲೊಮಾ ಮುಗಿಸಿ ಸೇರಿ ಒಂದು ವರ್ಷವೂ ಆಗಿರಲಿಲ್ಲ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಲ್ಯಾಬಿನ ಪ್ರೊಫೆಸರು, ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದವರು, ಎಲ್ಲೆಲ್ಲಿಗೋ ಕಾಗದ ಬರೆದು ಒಂದು ಯಂತ್ರ ತರಿಸಿದ್ದರು. ನೋಡಲು ಹಳೇ ರೇಡಿಯೋ ಡಬ್ಬ. ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ನಾಣ್ಯದಷ್ಟು ಅಗಲದ ಎರಡು ಬಿಲ್ಲೆ. ಬಿಲ್ಲೆಗೆ ಗ್ರೀಸ್ ಹಚ್ಚಿ ಕಂಬಕ್ಕೋ ತೊಲೆಗೋ ಒತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಒಳಗೆ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಬಿಟ್ಟ ಬಿರುಕು ಸರಿದಾಡಿದರೆ, ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಸದ್ದು ಹೊರಡುತ್ತದೆ. ಡಬ್ಬ ಅದನ್ನು ಹಿಡಿದು ಟಕ್ ಎನ್ನುತ್ತದೆ, ಆ ಬಿಲ್ಲೆಯ ಕೆಂಪು ಅಂಕಿ ಒಂದು ಹೆಚ್ಚಾಗುತ್ತದೆ. ಕಟ್ಟಡ ಬೀಳುವ ಮೊದಲು ತಾನೇ ಹೇಳಿಕೊಳ್ಳುತ್ತದೆ, ಕೇಳಿಸಿಕೊಳ್ಳುವವರು ಬೇಕು ಎಂದು ಮೇಷ್ಟ್ರು ಮೊದಲ ದಿನ ದೊಡ್ಡ ಭಾಷಣವನ್ನೇ ಮಾಡಿದರು.

ನನಗೆ ನಗು ಬಂತು. ನಾನು ಹುಟ್ಟಿ ಬೆಳೆದದ್ದು ನ್ಯಾಮತಿ ಕಡೆಯ ಒಂದು ಕಲ್ಲುಗಣಿಯ ಶೆಡ್ಡಿನಲ್ಲಿ. ಅಪ್ಪ ಬಂಡೆ ಸೀಳುವವನು, ಅವ್ವ ಜಲ್ಲಿ ಒಡೆಯುವವಳು. ಬಂಡೆಯ ಮೇಲೆ ಸಾಲಾಗಿ ತೂತು ಕೊರೆದು, ಕಬ್ಬಿಣದ ಬೆಣೆ ಇಟ್ಟು, ಒಂದೊಂದಕ್ಕೂ ಒಂದೊಂದು ಪೆಟ್ಟು ಕೊಟ್ಟುಕೊಂಡು ಹೋಗುತ್ತಿದ್ದರು. ಒಂದು ಹಂತಕ್ಕೆ ಬಂದ ಮೇಲೆ ಅಪ್ಪ ಸುತ್ತಿಗೆ ಕೆಳಗಿಟ್ಟು ಕೈ ಎತ್ತಿದರೆ ಮುಗಿಯಿತು, ಇಡೀ ಗಣಿ ಗಪ್‌ಚಿಪ್. ಬೀಡಿ ಹಚ್ಚುವಂತಿಲ್ಲ, ಜಲ್ಲಿ ಒಡೆಯುವಂತಿಲ್ಲ, ಅಳುವ ಕೂಸಿಗೆ ಅಲ್ಲೇ ಮೊಲೆ ಕೊಡಬೇಕು. ‘ಕಲ್ಲು ಮಾತಾಡಾಕೆ ಹತ್ತೈತೆ, ಬಾಯಿ ಮುಚ್ರಿ’ ಎನ್ನುತ್ತಿದ್ದ ಅಪ್ಪ. ಚಿಟ್, ಚಿಟ್ ಎಂದು ಒಳಗಿನಿಂದ ಬರುತ್ತಿತ್ತು. ಆಮೇಲೆ ಯಾರೂ ಮುಟ್ಟದೆಯೇ ಬಂಡೆ ಎರಡು ಹೋಳಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ, ಲಂಗ ತೊಡುವ ವಯಸ್ಸಿನಲ್ಲಿ, ನಾನು ಕಲಿತ ವಿದ್ಯೆಯನ್ನೇ ಮೇಷ್ಟ್ರು ಈಗ ಬ್ಯಾಟರಿ ಹಾಕಿ ಕಲಿಸುತ್ತಿದ್ದರು. ಹಾಗೆಂದು ಹೇಳಿಯೂ ಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅಂದಿನಿಂದ ಡಬ್ಬವನ್ನು ನನ್ನ ಕೈಗೇ ಕೊಟ್ಟರು.

ಡಬ್ಬ ಹೊತ್ತುಕೊಂಡು ನಾವು ತಿರುಗದ ಜಾಗವಿಲ್ಲ. ತ್ಯಾವಣಿಗೆ ಹತ್ತಿರ ಒಂದು ಮೋರಿ ಸೇತುವೆಗೆ ಅಂಟಿಸಿದೆವು. ಹೊನ್ನಾಳಿ ರಸ್ತೆಯ ಒಂದು ಸೇತುವೆ ಕೆಳಗೆ ನಾನು ಕೂತಿದ್ದಾಗ ಬಸ್ಸಿನ ಕಂಡಕ್ಟರು ಇಣುಕಿ, ‘ಏನಕ್ಕಾ, ಅಲ್ಲಿ ಕೂತ್ಕಂಡು ರೇಡಿಯೋದಾಗೆ ಬಿನಾಕಾ ಹಾಡು ಕೇಳ್ತಿದೀರಾ?’ ಎಂದು ಕೂಗಿದ. ಚನ್ನಗಿರಿಯಲ್ಲಿ ಒಂದು ದವಸದ ಗೋದಾಮಿನ ತೊಲೆಗೆ ಹಚ್ಚಿದ ದಿನವಂತೂ ಅಂಕಿ ಓಡಿದ್ದೇ ಓಡಿದ್ದು. ಮೇಷ್ಟ್ರು ಗಾಬರಿಯಾಗಿ ಎಲ್ಲರನ್ನೂ ಹೊರಗೆ ಕಳಿಸಿದರು. ನಾನು ಏಣಿ ಹತ್ತಿ ನೋಡಿದರೆ ತೊಲೆಯ ಮೇಲೆ ಇಲಿಗಳ ಮೆರವಣಿಗೆ! ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಅಂಕಿ ಓಡಿದರೆ ಮೊದಲು ಡಬ್ಬವನ್ನೇ ಅನುಮಾನಿಸುವುದು. ಬಿಲ್ಲೆಯ ಪಕ್ಕ ಪೆನ್ಸಿಲ್ ಮೊನೆ ಒತ್ತಿ ಮುರಿಯುವುದು. ಅದಕ್ಕೆ ಸರಿಯಾಗಿ ಟಕ್ ಎಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಆಮೇಲೆ ಇಲಿ, ಗಾಳಿ, ಮಕ್ಕಳು, ಎಲ್ಲವನ್ನೂ ನೋಡಿ, ಕೊನೆಗೆ ಕಟ್ಟಡದ ಮೇಲೆ ಮಾತು ಹೊರಿಸುವುದು.

ಬಿಳಿಚೋಡಿನಿಂದ ಆಚೆಯ ಆ ಹಳ್ಳಿಯ ಹೆಸರು ಬೇಡ. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಯ ನಮ್ಮ ಕೇರಿಗೆ. ಊರಿಗಿದ್ದದ್ದು ಒಂದೇ ಸಿಹಿನೀರಿನ ಬಾವಿ. ಕೇರಿಯ ಹೆಂಗಸರು ಅದರ ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ಕೊಡ ಇಟ್ಟು ಕೂತಿರಬೇಕು, ಊರಿನ ಯಾರಾದರೂ ಸೇದಿದವರು ಮನಸ್ಸು ಬಂದರೆ ಮೇಲಿನಿಂದ ಸುರಿಯಬೇಕು. ಅಕ್ಕ ಮದುವೆಯಾಗಿ ಹೋದಂದಿನಿಂದ ಹಾಗೇ ಕೂತಿದ್ದಳು. ಈಗ ಸರ್ಕಾರ ಟ್ಯಾಂಕ್ ಕಟ್ಟಿತ್ತು. ಬೇರೆ ಯಾರೂ ಜಾಗ ಬಿಡಲಿಲ್ಲವೆಂದು ಕೇರಿಯ ನಡುವೆಯೇ ಕಟ್ಟಿದ್ದರು. ಅದರ ಒಂದು ಕಂಬ ಅಕ್ಕನ ಮನೆಯ ಬಾಗಿಲಿಗೆ ಹತ್ತು ಹೆಜ್ಜೆ. ನಲ್ಲಿಯೂ ಅಲ್ಲೇ. ಅಕ್ಕ ಆ ನಲ್ಲಿಯನ್ನು ದಿನಾ ಸೆರಗಿನಿಂದ ಒರೆಸುತ್ತಾಳೆ ಎಂದು ಭಾವ ತಮಾಷೆ ಮಾಡುತ್ತಿದ್ದ.

ಆದರೆ ಕಂಬದ ಗಿಲಾವಿನಲ್ಲಿ ಸಣ್ಣ ಗೆರೆ ಬಿಟ್ಟಿತ್ತು, ಯಾರೋ ಅರ್ಜಿ ಗೀಚಿದ್ದರು. ಟ್ಯಾಂಕಿನ ಉಸ್ತುವಾರಿಯ ಎಂಜಿನಿಯರ್ ಸಾಹೇಬರಿಗೆ ಉದ್ಘಾಟನೆಯ ಅವಸರ. ಎಂಟು ದಿನದಲ್ಲಿ ದೊಡ್ಡವರೊಬ್ಬರು ಬರುವವರಿದ್ದರು. ಯಂತ್ರವೇ ಸರಿ ಎಂದರೆ ಅರ್ಜಿದಾರರ ಬಾಯಿ ಬಂದ್ ಆಗುತ್ತದೆ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರು.

ಬೆಳಗ್ಗೆ ಹೋಗಿ ಬಿಲ್ಲೆ ಕಟ್ಟಿದೆವು. ಒಂದು ಬಿಲ್ಲೆ ಗೆರೆ ಬಿಟ್ಟ ಕಂಬಕ್ಕೆ, ಇನ್ನೊಂದು ಎದುರಿನ ಕಂಬಕ್ಕೆ. ಪೆನ್ಸಿಲ್ ಮುರಿದು ನೋಡಿದೆ, ಎರಡೂ ಸರಿ ಇದ್ದವು. ಪಂಪು ಶುರುವಾಯಿತು. ಕಾಲು ಭಾಗ ತುಂಬಿ ನಿಲ್ಲಿಸಿದರು, ಆಮೇಲೆ ಅರ್ಧ, ಮುಕ್ಕಾಲು. ಕೊನೆಗೆ ಮೇಲಿನ ಕೊಳವೆಯಿಂದ ನೀರು ಹೊರಚೆಲ್ಲಿತು. ಡಬ್ಬ ತುಟಿ ಪಿಟಕ್ ಎನ್ನಲಿಲ್ಲ. ಕೆಂಪು ಅಂಕಿ ಸೊನ್ನೆಯ ಹತ್ತಿರವೇ ಮಲಗಿತ್ತು.

‘ನೋಡಿದ್ಯೇನಮ್ಮಾ, ನಿನ್ನ ಡಬ್ಬನೂ ನಮ್ಮ ಕಡೇನೇ ಐತೆ’ ಎಂದರು ಸಾಹೇಬರು. ಕಂಟ್ರಾಕ್ಟರು ಹಲ್ಲು ಕಿರಿದ. ಕೇರಿಯವರು ಚಪ್ಪಾಳೆ ತಟ್ಟಿದರು. ಅಕ್ಕ ನನ್ನ ನೆತ್ತಿಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ನಾನೂ ನಗಬೇಕಿತ್ತು, ಆಗಲಿಲ್ಲ. ಹೊಸ ಕಾಂಕ್ರೀಟು ಮೊದಲ ಸಲ ಭಾರ ಹೊರುವಾಗ ಎಷ್ಟೇ ಗಟ್ಟಿ ಇದ್ದರೂ ಅಲ್ಲೊಂದು ಇಲ್ಲೊಂದು ಟಕ್ ಎಂದೇ ಎನ್ನುತ್ತದೆ. ಲ್ಯಾಬಿನಲ್ಲಿ ನೂರು ಸಲ ನೋಡಿದ್ದೆ. ಇಷ್ಟು ನೀರು ಹೊತ್ತೂ ಒಂದು ಮಾತಿಲ್ಲವೆಂದರೆ ಏನರ್ಥ?

ವಾಲ್ವಿನ ಚಕ್ರದ ಕಡೆ ನೋಡಿದೆ. ಅದಕ್ಕೆ ಅರಿಶಿನ ಕುಂಕುಮ ಬಡಿದಿತ್ತು, ಬಾಡಿದ ಚೆಂಡುಹೂವಿನ ಮಾಲೆ ಇತ್ತು. ಪಕ್ಕದಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರ, ಅದರ ಮುಂದೆ ಕರಗಿದ ಮೇಣದ ಬತ್ತಿ. ಕೇರಿಯಲ್ಲಿ ಅರ್ಧ ಮನೆ ಬುದ್ಧನ ಕಡೆ, ಅರ್ಧ ಗಂಗವ್ವನ ಕಡೆ.

‘ಇದು ಯಾವಾಗಿನ ಪೂಜೆ ಅಕ್ಕಾ?’

‘ನಿನ್ನೇದು.’ ಅಕ್ಕನ ಮುಖ ಅರಳಿತು. ‘ದೊಡ್ಡೋರು ಬಂದು ಗುಂಡಿ ಒತ್ತಿ, ಊರೋರು ಮೊದಲ ಕೊಡ ಹಿಡಿದು, ಆಮೇಲೆ ನಮಗೆ ಬಿಡ್ತಾರೆ. ಯಾಕೆ? ನಮ್ಮ ತಲೆ ಮ್ಯಾಲೆ ಕಟ್ಟೀರಿ, ಮೊದಲ್ನೇ ನೀರು ನಾವೇ ನೋಡ್ತೀವಿ ಅಂದ್ವಿ. ಪಂಪಿನೋನು ನಮ್ಮ ಹುಡುಗನೇ. ಕಂಠಮಟ್ಟ ತುಂಬಿಸಿ, ಚೆಲ್ಲೋಗಂಟ ಬಿಟ್ಟು, ಪೂಜೆ ಮಾಡಿ, ಸಂಜಿಗೆ ಪೂರಾ ಖಾಲಿ ಮಾಡಿದ್ವಿ. ಯಾರ್ಗೂ ಹೇಳಬ್ಯಾಡ ಮತ್ತೆ.’

ಅಯ್ಯೋ, ನಮ್ಮವರೇ! ಅವರ ಹಟ ನನಗೆ ಎಷ್ಟು ಹಿಡಿಸಿತೆಂದರೆ ಅಕ್ಕನನ್ನು ತಬ್ಬಿಕೊಳ್ಳಬೇಕು ಎನಿಸಿತು. ಅದೇ ಹಟ ನಮ್ಮ ಪರೀಕ್ಷೆಯನ್ನು ನೀರುಪಾಲು ಮಾಡಿತ್ತು. ಕಾಂಕ್ರೀಟು ಒಮ್ಮೆ ಎಷ್ಟು ಭಾರ ಹೊತ್ತು ನರಳಿದೆಯೋ, ಮರುದಿನ ಅಷ್ಟೇ ಭಾರ ಹೊರಿಸಿದರೆ ಮತ್ತೆ ನರಳುವುದಿಲ್ಲ. ಅದಕ್ಕಿಂತ ಹೆಚ್ಚು ಹೊರಿಸಿದರೆ ಮಾತ್ರ ಬಾಯಿ ಬಿಡುತ್ತದೆ. ಟ್ಯಾಂಕು ಹೇಳಬೇಕಾದ್ದನ್ನೆಲ್ಲ ನಿನ್ನೆಯೇ ಹೇಳಿ ಮುಗಿಸಿತ್ತು. ನಿನ್ನೆ ಕೇಳಲು ಡಬ್ಬ ಇರಲಿಲ್ಲ. ಇವತ್ತಿನ ಮೌನವನ್ನು ನಂಬಿ ಟ್ಯಾಂಕ್ ಗಟ್ಟಿ ಎಂದು ಬರೆದುಕೊಡುವ ಹಾಗಿರಲಿಲ್ಲ.

ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು, ಮುಖ ಸಣ್ಣದಾಯಿತು. ‘ಹೌದಮ್ಮ, ನೀನು ಹೇಳೋದು ಸರಿ. ಆದ್ರೆ ಟ್ಯಾಂಕಿಗೆ ಇದಕ್ಕಿಂತ ಹೆಚ್ಚು ನೀರು ಹಿಡಿಸೋದಿಲ್ವಲ್ಲ. ಏನು ಮಾಡೋಣ?’ ಎಂದು ಕನ್ನಡಕ ಒರೆಸುತ್ತಾ ನಿಂತರು. ಒಳ್ಳೆಯ ಮನುಷ್ಯ, ಬೆನ್ನುಮೂಳೆ ಮಾತ್ರ ಸ್ವಲ್ಪ ಮೆತ್ತಗೆ. ನೀರು ಇಳಿಸುವಾಗಲೂ ಡಬ್ಬ ಹಚ್ಚಿಟ್ಟು ನೋಡೋಣ ಎಂದೆ ನಾನು. ಹಾಗೆ ಯಾರೂ ಮಾಡುತ್ತಿರಲಿಲ್ಲ. ಅಪಾಯವಿರುವುದು ತುಂಬುವಾಗ, ಇಳಿಯುವಾಗ ಏನು ಕೇಳುವುದು ಎಂದೇ ಎಲ್ಲರ ಲೆಕ್ಕ. ಸಾಹೇಬರು ಕೇಳಿಸಿಕೊಂಡು, ‘ಊರಿಗೇ ಒಂದು ದಾರಿಯಾದ್ರೆ ಯಡವಟ್ಟಂಗೇ ಒಂದು ದಾರಿ’ ಎಂದು ನಕ್ಕರು. ವಾಲ್ವು ತೆಗೆಸಿ, ಮೇಷ್ಟ್ರನ್ನೂ ಕರೆದುಕೊಂಡು ಊರಿನೊಳಗೆ ಊಟಕ್ಕೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ.

ಡಬ್ಬದ ಮುಂದೆ ಒಂದು ಖಾಲಿ ಪೆಟ್ಟಿಗೆ ಹಾಕಿಕೊಂಡು ಕೂತೆ. ಮುಕ್ಕಾಲಿಗೆ ಇಳಿಯುವ ತನಕ ಏನೂ ಇರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಟಕ್. ಟಕ್ ಟಕ್. ಆಮೇಲೆ ಹುರಿಯುವ ಅವಲಕ್ಕಿಯ ಹಾಗೆ ಬಿಡದೆ ಶುರುವಾಯಿತು. ಗೆರೆ ಬಿಟ್ಟ ಕಂಬದ ಬಿಲ್ಲೆಯಲ್ಲಿ ಮಾತ್ರ. ಡಬ್ಬವನ್ನು ಅನುಮಾನಿಸಿದೆ, ಪೆನ್ಸಿಲ್ ಮುರಿದೆ, ಸರಿಯಾಗಿತ್ತು. ಮಕ್ಕಳನ್ನು ಓಡಿಸಿದೆ, ಪಾತ್ರೆ ತಿಕ್ಕುತ್ತಿದ್ದವರನ್ನು ನಿಲ್ಲಿಸಿದೆ. ಎರಡೂ ಬಿಲ್ಲೆಗಳನ್ನು ಅದಲು ಬದಲು ಮಾಡಿ ಕಟ್ಟಿದೆ. ಆ ಕಂಬದ ಸದ್ದು ಆ ಕಂಬದಲ್ಲೇ ಉಳಿಯಿತು. ಒಳಗೆ ಆಗಲೇ ದೊಡ್ಡ ಬಿರುಕು ಇದ್ದರೆ, ಭಾರ ಇಳಿಯುತ್ತಿದ್ದಂತೆ ಅದರ ಎರಡು ಮುಖಗಳು ಒಂದಕ್ಕೊಂದು ಉಜ್ಜಿಕೊಂಡು ಸರಿಯುತ್ತವೆ. ಅದು ನನಗೆ ಯಾವ ಪುಸ್ತಕವೂ ಹೇಳಿಕೊಡದೆ ಅಲ್ಲೇ ಹೊಳೆಯಿತು. ಹೊಳೆದದ್ದೇ ತಡ ಅಕ್ಕನ ಬಾಗಿಲ ಕಡೆ ತಿರುಗಿ ನೋಡಿದೆ. ಹತ್ತು ಹೆಜ್ಜೆಯಲ್ಲಿ ಅಕ್ಕನ ತೊಟ್ಟಿಲಿತ್ತು, ತೊಟ್ಟಿಲಲ್ಲಿ ಕೂಸಿತ್ತು.

ಊಟ ಮುಗಿಸಿ ಬಂದವರ ಕೈಯಲ್ಲಿ ಟೈಪ್ ಮಾಡಿದ ಹಾಳೆ ಇತ್ತು. ‘ಟ್ಯಾಂಕ್ ಪೂರ್ತಿ ತುಂಬಿದಾಗ ಯಾವುದೇ ಸದ್ದು ದಾಖಲಾಗಿಲ್ಲ, ಬಳಕೆಗೆ ಯೋಗ್ಯ.’ ಕೆಳಗೆ ಯಂತ್ರ ನೋಡಿದವರ ಸಹಿ, ಅಂದರೆ ನನ್ನದು. ಪರೀಕ್ಷೆಗೆ ಮೊದಲೇ ಟೈಪ್ ಮಾಡಿಸಿಕೊಂಡು ಬಂದಿದ್ದರು, ಭೂಪರು!

ಅಂಕಿ ತೋರಿಸಿದೆ. ಸಾಹೇಬರು ಅಂಕಿ ನೋಡಲಿಲ್ಲ, ನನ್ನ ಮುಖ ನೋಡಿದರು. ‘ತುಂಬಿದಾಗ ಸುಮ್ಮನಿದ್ದದ್ದು ಖಾಲಿ ಆಗುವಾಗ ಅಳ್ತದಾ? ಭಾರ ಇಳಿಸಿದ್ರೆ ಯಾರಿಗಾದ್ರೂ ನೋವಾಗ್ತದೇನಮ್ಮ?’

‘ನಿಮ್ಮನೇಲಿ ಮೊಣಕಾಲು ನೋವಿನ ಅಜ್ಜಿ ಇಲ್ವಾ ಸಾರ್? ಕೂತಾಗ ಸುಮ್ಮನಿರ್ತಾರೆ. ಏಳುವಾಗ ಕೇಳಿ ನೋಡ್ರಿ.’

ಯಾರೋ ಕಿಸಕ್ಕೆಂದರು. ಸಾಹೇಬರಿಗೆ ಉರಿಯಿತು. ‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ್ರೆ ನಡಿಯಲ್ಲ. ನೌಕರಿ ಕಾಯಂ ಆಗ್ಬೇಕಾ ಬ್ಯಾಡವಾ?’ ಎಂದರು. ಮೇಷ್ಟ್ರು ನೆಲ ನೋಡುತ್ತಾ, ‘ಸದ್ಯಕ್ಕೆ ಹಾಕಿಬಿಡಮ್ಮ, ಆಮೇಲೆ ಇನ್ನೊಂದ್ಸಲ ಬಂದು ನೋಡೋಣ’ ಎಂದರು. ಸಾಹೇಬರ ಮೇಲಿನ ಸಿಟ್ಟಿಗಿಂತ ಆ ‘ಸದ್ಯಕ್ಕೆ’ಯ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಕಂಬದ ಗಿಲಾವು ಒಡೆದು ನೋಡೋಣ, ಒಳಗೆ ಸರಿ ಇದ್ದರೆ ಈಗಲೇ ಸಹಿ ಹಾಕುತ್ತೇನೆ ಎಂದೆ. ಹೊಸ ಸರ್ಕಾರಿ ಕಂಬಕ್ಕೆ ಹಾರೆ ಹಾಕುವ ಮಾತೇ ಇಲ್ಲ ಎಂದು ಸಾಹೇಬರು ಕೇರಿಯವರ ಕಡೆ ತಿರುಗಿದರು. ‘ನೋಡ್ರಪಾ, ನಾನು ನೀರು ಕೊಡಾಕೆ ಬಂದೀನಿ. ನಿಮ್ಮ ಹುಡುಗಿನೇ ಅಡ್ಡ ನಿಂತಾಳೆ.’

ಅಲ್ಲಿಗೆ ಅಕ್ಕ ಮುಂದೆ ಬಂದಳು. ನನ್ನ ಜೀವಮಾನದಲ್ಲಿ ಅವಳ ಕಣ್ಣು ಹಾಗೆ ಕೆಂಪಾಗಿದ್ದನ್ನು ನೋಡಿರಲಿಲ್ಲ.

‘ಏನೇ, ಓದಿದ್ದು ಜಾಸ್ತಿ ಆತಾ? ನೀನು ಪಟ್ಟಣದಾಗೆ ನಲ್ಲಿ ತಿರುವ್ತಿ, ನೀರು ಬರ್ತೈತೆ. ನಾನು ಹನ್ನೊಂದು ವರ್ಷ ಆ ಕಟ್ಟೆ ಕೆಳಗೆ ಕೊಡ ಇಟ್ಕಂಡು ಕುಂತೀನಿ. ಬಸುರಿದ್ದಾಗೂ ಕುಂತೀನಿ, ಬಾಣಂತಿ ಆದಾಗೂ ಕುಂತೀನಿ. ಮ್ಯಾಲಿಂದ ಸುರಿದ್ರೆ ಅರ್ಧ ಕೊಡಕ್ಕೆ, ಅರ್ಧ ನನ್ನ ಮೈ ಮ್ಯಾಲೆ. ಕೈಗೆ ಬಂದ ತುತ್ತು ಬಾಯಿಗೆ ಬರಂಗಿಲ್ಲ ಮಾಡ್ತೀಯಲ್ಲ, ನೀನು ನನ್ನ ತಂಗೀನಾ? ಹಾಕು ಸಹಿ.’

ಅವಳು ಹೇಳಿದ ಒಂದೊಂದು ಮಾತೂ ನಿಜ. ‘ಹಾಕಲ್ಲ ಅಕ್ಕ’ ಎಂದೆ. ‘ನಿನ್ನ ಕೂಸು ಇದರ ಕೆಳಗೆ ಮಲಗ್ತೈತೆ. ಹಾಕಲ್ಲ. ಬೈಯಿ, ಹೊಡಿ, ಹಾಕಲ್ಲ.’

ಅಕ್ಕ ಸರಕ್ಕನೆ ತಿರುಗಿ ಮನೆಯೊಳಗೆ ಹೋಗಿ ಭಾವನ ಹಾರೆ ತಂದಳು. ನನ್ನ ತಲೆಗೇ ಹಾಕುತ್ತಾಳೇನೋ ಎಂದುಕೊಂಡೆ. ‘ಇದು ಗಟ್ಟಿ ಇದ್ರೆ ನೀನು ಇನ್ಮ್ಯಾಗೆ ನನ್ನ ಹೊಸ್ತಿಲು ತುಳೀಬ್ಯಾಡ’ ಎಂದವಳೇ ಕಂಬಕ್ಕೆ ಹಾರೆ ಬೀಸಿದಳು. ‘ಏಯ್, ಏಯ್, ಸರ್ಕಾರದ ಸೊತ್ತು!’ ಎಂದು ಸಾಹೇಬರು ಕೂಗಿದರು. ಎರಡನೇ ಪೆಟ್ಟಿಗೆ ಗಿಲಾವು ಹಪ್ಪಳದಂತೆ ಉದುರಿತು. ನಾಲ್ಕನೆಯದಕ್ಕೆ ಹಾರೆ ಒಳಗೆ ನುಗ್ಗಿ ಸಿಕ್ಕಿಕೊಂಡಿತು. ಅಕ್ಕ ಅದನ್ನು ಎಳೆದು ತೆಗೆದು ತೂತಿಗೆ ಕೈ ಹಾಕಿದಳು. ಬಳೆಯ ತನಕ ಕೈ ಒಳಗೆ ಹೋಯಿತು. ಅಂಟಿಲ್ಲದ ಜಲ್ಲಿ ಬುಳಬುಳ ಸುರಿಯಿತು. ಅದರ ಹಿಂದೆಯೇ ಮುದ್ದೆ ಮಾಡಿ ತುರುಕಿದ್ದ ಖಾಲಿ ಸಿಮೆಂಟಿನ ಚೀಲ ಬಂತು. ಮೇಲೆ ತಳುಕು, ಒಳಗೆ ಹುಳುಕು.

ಯಾರೂ ಇನ್ನೂ ಏನೂ ಕೇಳಿರಲಿಲ್ಲ. ‘ಯಾರೋ ಕೂಲಿಯೋರು ಮಾಡಿರ್ಬೇಕ್ರಿ, ನಂಗೊತ್ತಿಲ್ಲ’ ಎಂದ ಕಂಟ್ರಾಕ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ. ಮೇಷ್ಟ್ರು ಮಾತ್ರ ಆಗ ಮನುಷ್ಯರಾದರು. ಟೈಪ್ ಹಾಳೆಯನ್ನು ಹರಿದು, ಬಿಳಿ ಹಾಳೆ ಕೊಟ್ಟು, ‘ಬರಿಯಮ್ಮ, ನೀನು ಕಂಡದ್ದು ಬರಿ’ ಎಂದರು. ಅಂಕಿ, ಕಂಬ, ಚೀಲ, ಎಲ್ಲ ಬರೆದೆ. ತುಂಬಬಾರದು ಎಂದು ಬರೆದೆ. ಅದಕ್ಕೆ ನಾನೂ ಸಹಿ ಹಾಕಿದೆ, ಮೇಷ್ಟ್ರೂ ಹಾಕಿದರು. ಸಾಹೇಬರೂ ಬೆವರು ಒರೆಸಿಕೊಳ್ಳುತ್ತಾ ಹಾಕಿದರು. ಆ ವರ್ಷ ನನ್ನ ನೌಕರಿ ಕಾಯಂ ಆಗಲಿಲ್ಲ. ಅದಕ್ಕೆ ನಾನು ಅಳಲೂ ಇಲ್ಲ.

ಅತ್ತವಳು ಅಕ್ಕ. ಕಂಬದ ಬುಡದಲ್ಲಿ ಕುಸಿದು ಕೂತು, ‘ಹಂಗಾದ್ರೆ ನೀರು ಬರಂಗಿಲ್ಲ’ ಎಂದಳು.

‘ಇದನ್ನ ಕೆಡವಿ ಕಟ್ಟೋ ತನಕ ಬರಲ್ಲ ಅಕ್ಕ.’

‘ನಿನ್ನ ಡಬ್ಬಕ್ಕೆ ಬೆಂಕಿ ಬೀಳ’ ಎಂದು ಬೈದಳು. ಅಪ್ಪನನ್ನು ಬೈದಳು, ಸರ್ಕಾರವನ್ನು ಬೈದಳು, ಗಂಗವ್ವನನ್ನೂ ಬಿಡಲಿಲ್ಲ. ಬೈದು ಮುಗಿಸಿ ಮೂಗು ಒರೆಸಿಕೊಂಡು ಎದ್ದಳು. ಒಳಗಿನಿಂದ ಎರಡು ಕೊಡ ಮತ್ತು ಎತ್ತು ಕಟ್ಟುವ ಹಗ್ಗ ತಂದಳು. ಜೀಪು ಹತ್ತಲು ಹೊರಟಿದ್ದ ಸಾಹೇಬರ ಮುಂದೆ ನಿಂತಳು. ‘ಎಲ್ಲಿಗೆ ಹೊಂಟ್ರಿ ಸಾಹೇಬ್ರೆ? ನೀರು ಕೊಡಾಕೆ ಬಂದೀನಿ ಅಂದ್ರಲ್ಲ. ಬರ್ರಿ, ಕೊಡ್ರಿ.’

ಕೇರಿಯ ಹೆಂಗಸರೆಲ್ಲ ಕೊಡ ಹಿಡಿದು ಅವಳ ಹಿಂದೆ ಹೊರಟರು. ಸಾಹೇಬರು ನನ್ನ ಕೈಯಲ್ಲಿದ್ದ ಹಾಳೆ ನೋಡಿದರು, ಕಂಟ್ರಾಕ್ಟರನ ಕೈಗೆ ಸಿಗದಂತೆ ಭಾವ ಬಗಲಲ್ಲಿ ಇಟ್ಟುಕೊಂಡಿದ್ದ ಚೀಲ ನೋಡಿದರು, ತೆಪ್ಪಗೆ ನಡೆದರು. ಬಾವಿಯ ಹತ್ತಿರ ಊರಿನ ನಾಲ್ಕಾರು ಹೆಂಗಸರು ಸೇದುತ್ತಿದ್ದರು. ಅಕ್ಕ ಕಟ್ಟೆಯ ಮೆಟ್ಟಿಲ ಮೇಲೆ ಕಾಲಿಟ್ಟಳು. ‘ಏಯ್! ಕೆಳಗಿಳೀರೇ, ಏನು ತಲೆ ಕೆಟ್ಟೈತಾ?’ ಎಂದು ಒಬ್ಬಾಕೆ ಕಿರುಚಿದಳು.

‘ಇಲ್ಲೇ ಸರ್ಕಾರ ನಿಂತೈತೆ. ಬಾವಿ ಯಾರ್ದು ಅಂತ ಅವ್ರನ್ನೇ ಕೇಳ್ರಿ’ ಎಂದಳು ಅಕ್ಕ.

ಅಷ್ಟೂ ಮುಖಗಳು ಸಾಹೇಬರ ಕಡೆ ತಿರುಗಿದವು. ಅವರು ಕೆಮ್ಮಿದರು, ಕರವಸ್ತ್ರ ತೆಗೆದರು, ಮತ್ತೆ ನನ್ನ ಹಾಳೆಯ ಕಡೆ ನೋಡಿದರು. ‘ಎಲ್ಲರದ್ದೂ’ ಎಂದರು. ಬಾಯೊಳಗೇ ಅಂದರು. ‘ಜೋರಾಗಿ ಹೇಳ್ರಿ’ ಎಂದಳು ಅಕ್ಕ. ಜೋರಾಗಿ ಹೇಳಿದರು.

ಅಕ್ಕ ಕಟ್ಟೆ ಹತ್ತಿದಳು. ಹಗ್ಗ ರಾಟೆಗೆ ಹಾಕಿ, ಅದರ ತುದಿಯನ್ನು ನನ್ನ ಕಡೆ ಎಸೆದಳು. ‘ಟ್ಯಾಂಕ್ ನಿಲ್ಸಿದೋಳು ನೀನು. ಸೇದು ಈಗ, ಕೇರಿಗೆಲ್ಲ ಸೇದು.’ ಸೇದಿದೆ. ಅಂಗೈ ಸುಲಿದು ಉರಿಯುವ ತನಕ ಸೇದಿದೆ. ಊರಿನ ಹೆಂಗಸರು ದೂರದಲ್ಲಿ ನಿಂತು ಶಾಪ ಹಾಕುತ್ತಲೇ ಇದ್ದರು. ಕೊನೆಯ ಕೊಡ ಅಕ್ಕನದು. ಅದನ್ನು ತಲೆಗೇರಿಸಿಕೊಂಡು, ಒಂದು ಹನಿ ಮೈಮೇಲೆ ಚೆಲ್ಲದ ಹಾಗೆ ಮೆಟ್ಟಿಲಿಳಿದು, ಅವರ ಮುಂದೆ ನಿಂತಳು.

‘ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀವಿ’ ಎಂದಳು. ‘ರಾಟೆ ಬಾಳ ಕಿರ್ ಅಂತೈತೆ, ಎಣ್ಣಿ ಹಾಕಿಡ್ರಿ.’